ಬಾಗುವ ಸೋಲಾರ್ ಸೆಲ್‌ಗೆ ಯಾವ ಎಲೆಕ್ಟ್ರೋಡ್? ಐಟಿಓ, ಪೆಡಾಟ್, ಬೆಳ್ಳಿ ಎಳೆ, ಬೆಳ್ಳಿ ಜಾಲ

ಪ್ರಾಜೆಕ್ಟ್ ಸಮಯ ಬಂತು ಅಂದರೆ ಮಾನಸಗಂಗೋತ್ರಿಯ ಎಂಎಸ್ಸಿ ಹುಡುಗರೂ ಮಂಡ್ಯದ ಇಂಜಿನಿಯರಿಂಗ್ ಹುಡುಗಿಯರೂ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. "ಅಣ್ಣ, ಬಾಗೋ ಆರ್ಗ್ಯಾನಿಕ್ ಸೋಲಾರ್ ಸೆಲ್ ಮಾಡ್ಬೇಕು. ಪ್ಲಾಸ್ಟಿಕ್ ಮೇಲಿನ ಐಟಿಓ ಶೀಟ್ ತರಿಸಿದ್ರೆ ಸಾಕಲ್ವಾ?" ಸಾಕಾಗಬಹುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೂ ಆಗಬಹುದು. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ಸೆಲ್ ಎಷ್ಟು ಅಗಲ? ಅದನ್ನು ಎಷ್ಟು ಬಗ್ಗಿಸುತ್ತೀರಿ? ಈ ಎರಡಕ್ಕೆ ಉತ್ತರ ಇಲ್ಲದೆ ಯಾವ ಎಲೆಕ್ಟ್ರೋಡ್ ಒಳ್ಳೆಯದು ಅಂತ ಹೇಳಲು ಆಗುವುದಿಲ್ಲ, ಪೇಪರಿನಲ್ಲಿ ಎಷ್ಟು ಚೆಂದದ ಅಂಕಿ ಹಾಕಿದ್ದರೂ ಅಷ್ಟೇ.

ಹೊಸಬರಿಗಾಗಿ ಒಂದೆರಡು ಮಾತು. ಬಾಗುವ ಸೆಲ್‌ನಲ್ಲಿ ತಳಕ್ಕೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಸಾಮಾನ್ಯವಾಗಿ ಪಿಇಟಿ. ಅದರ ಮೇಲೆ ಪಾರದರ್ಶಕ ಎಲೆಕ್ಟ್ರೋಡ್: ಐಟಿಓ (ಇಂಡಿಯಂ ಮತ್ತು ತವರದ ಆಕ್ಸೈಡ್), ಪೆಡಾಟ್ (ಕರೆಂಟು ಹರಿಸುವ ಪ್ಲಾಸ್ಟಿಕ್), ಇಲ್ಲವೇ ಬೆಳ್ಳಿಯ ಎಳೆ, ಜಾಲ. ಅದರ ಮೇಲೆ ಬೆಳಕು ಹೀರುವ ಆರ್ಗ್ಯಾನಿಕ್ (ಇಂಗಾಲದ ಅಣುಗಳ) ಪದರ, ದಪ್ಪ ಸುಮಾರು 100 ನ್ಯಾನೋಮೀಟರ್. ಕೊನೆಗೆ ಹಿಂದಿನ ಲೋಹ. ಬೆಳಕು ಒಳಗೆ ಬರುವುದು ಪಾರದರ್ಶಕ ಎಲೆಕ್ಟ್ರೋಡಿನ ಮೂಲಕ. ಕರೆಂಟು ಅಡ್ಡಡ್ಡ ಹರಿದು ಹೊರಗೆ ಹೋಗುವುದೂ ಅದರಲ್ಲೇ. ಪದರ ದಪ್ಪ ಮಾಡಿದರೆ ಕರೆಂಟು ಸುಲಭವಾಗಿ ಹರಿಯುತ್ತದೆ, ಆದರೆ ಬೆಳಕು ಕಡಿಮೆಯಾಗುತ್ತದೆ. ತೆಳು ಮಾಡಿದರೆ ಉಲ್ಟಾ. ಜಗಳ ಇರುವುದೇ ಇಲ್ಲಿ.

ಮೊದಲು ಅಗಲದ ಲೆಕ್ಕ

ಎಲೆಕ್ಟ್ರೋಡಿನ ಅಡ್ಡ ತಡೆಯನ್ನು ಶೀಟ್ ರೆಸಿಸ್ಟೆನ್ಸ್ ಅನ್ನುತ್ತಾರೆ, ಅಳತೆ ಓಮ್ ಪ್ರತಿ ಚೌಕ. ಚೌಕ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಎದುರುಬದುರು ಅಂಚುಗಳ ನಡುವೆ ಬರುವ ತಡೆ ಒಂದೇ. ಅದಕ್ಕೇ ಆ ಹೆಸರು.

ಇದರಿಂದ ಎಷ್ಟು ಪವರ್ ಪೋಲಾಗುತ್ತದೆ ಅಂತ ಅಂದಾಜು ಮಾಡಲು ಸುಲಭದ ಸೂತ್ರ ಇದೆ. ಶೀಟ್ ರೆಸಿಸ್ಟೆನ್ಸ್, ಕರೆಂಟ್ ಡೆನ್ಸಿಟಿ (ಚದರ ಸೆಂಟಿಮೀಟರಿಗೆ ಎಷ್ಟು ಕರೆಂಟು), ಸೆಲ್ ಅಗಲದ ವರ್ಗ ಮೂರನ್ನೂ ಗುಣಿಸಿ, ವೋಲ್ಟೇಜಿನ ಮೂರು ಪಟ್ಟಿನಿಂದ ಭಾಗಿಸಿ. ಅಗಲ ಅಂದರೆ ಕರೆಂಟು ಎಲೆಕ್ಟ್ರೋಡಿನಲ್ಲಿ ಹರಿದು ಲೋಹದ ಪಟ್ಟಿ ಮುಟ್ಟುವವರೆಗಿನ ದೂರ. ಒಳ್ಳೆಯ ಬಿಸಿಲಲ್ಲಿ ಚದರ ಸೆಂಟಿಮೀಟರಿಗೆ 20 ಮಿಲಿಆಂಪ್, 0.7 ವೋಲ್ಟ್ ಅಂತ ಇಟ್ಟುಕೊಳ್ಳಿ. ಎಲೆಕ್ಟ್ರೋಡು 50 ಓಮ್‌ನದು. ಸೆಲ್ ಅಗಲ 3 ಮಿಲಿಮೀಟರ್ ಆದರೆ ನಷ್ಟ ನೂರಕ್ಕೆ ನಾಲ್ಕರ ಮೇಲೆ ಸ್ವಲ್ಪ. ಅದೇ ಅಗಲ 1 ಸೆಂಟಿಮೀಟರ್ ಮಾಡಿ ನೋಡಿ, ಸೂತ್ರ ನೂರಕ್ಕೆ 48 ಅನ್ನುತ್ತದೆ! ಇಷ್ಟು ದೊಡ್ಡ ನಷ್ಟಕ್ಕೆ ಈ ಸೂತ್ರ ಕರಾರುವಾಕ್ಕಲ್ಲ, ನಿಜ, ಆದರೆ ಸೆಲ್ ಮಕಾಡೆ ಮಲಗುತ್ತದೆ ಅನ್ನುವುದಂತೂ ಖಾತ್ರಿ. ಅಗಲ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಲ್ಯಾಬಿನಲ್ಲಿ ಪುಟ್ಟ ಸೆಲ್ ಮಾಡಿ ಖುಷಿಪಟ್ಟವರು ದೊಡ್ಡದು ಮಾಡಲು ಹೋಗಿ ತಲೆ ಮೇಲೆ ಕೈ ಹೊತ್ತು ಕೂರುವುದು ಇದಕ್ಕೇ.

ಎಲೆಕ್ಟ್ರೋಡುಗಳನ್ನು ಹೋಲಿಸಲು ಹಾಕೆ ಅನ್ನುವವರು 1976ರಲ್ಲಿ ಕೊಟ್ಟ ಒಂದು ಅಂಕಿ ಈಗಲೂ ಪೇಪರುಗಳಲ್ಲಿ ಓಡುತ್ತಿದೆ. ಬೆಳಕು ದಾಟುವ ಪ್ರಮಾಣದ ಹತ್ತನೇ ಘಾತವನ್ನು ಶೀಟ್ ರೆಸಿಸ್ಟೆನ್ಸಿನಿಂದ ಭಾಗಿಸುವುದು. ಆ ಲೆಕ್ಕದಲ್ಲಿ ನೂರಕ್ಕೆ 80 ಬೆಳಕು ಬಿಡುವ 10 ಓಮ್ ಪದರ, 90 ಬೆಳಕು ಬಿಡುವ 50 ಓಮ್ ಪದರಕ್ಕಿಂತ ಮುಂದೆ. ಸರಿ, ನಿಮ್ಮ ಸೆಲ್‌ಗೆ ಹಾಕಿ ನೋಡೋಣ. 3 ಮಿಲಿಮೀಟರ್ ಅಗಲದಲ್ಲಿ ಬೆಳಕಿನ ನಷ್ಟ, ತಡೆಯ ನಷ್ಟ ಎರಡನ್ನೂ ಕಳೆದರೆ 50 ಓಮಿನವನು ಉಳಿಸಿಕೊಳ್ಳುವುದು 86, 10 ಓಮಿನವನು 79. ಅಂದರೆ ಹಿಂದಿದ್ದವನೇ ಗೆದ್ದ. 1 ಸೆಂಟಿಮೀಟರ್ ಅಗಲದಲ್ಲಿ? 47 ಮತ್ತು 72. ಪೂರ್ತಿ ತಿರುಗಿ ಬಿತ್ತು. ಆ ಅಂಕಿಗೆ ನಿಮ್ಮ ಸೆಲ್ಲಿನ ಅಗಲ ಗೊತ್ತೇ ಇಲ್ಲ, ಪಾಪ.

ಇನ್ನೊಂದು ವಿಷಯ, ಇದನ್ನು ಯಾರೂ ಯೋಚಿಸುವುದಿಲ್ಲ. ನಿಮ್ಮ ಸೆಲ್ ಬಿಸಿಲಿಗಾ, ಮನೆಯೊಳಗಿನ ಟ್ಯೂಬ್‌ಲೈಟಿಗಾ? ಒಳಾಂಗಣದ ಬೆಳಕಿನಲ್ಲಿ ಕರೆಂಟು ಚದರ ಸೆಂಟಿಮೀಟರಿಗೆ 100 ಮೈಕ್ರೋಆಂಪ್‌ನ ಸುತ್ತಮುತ್ತ ಮಾತ್ರ. ಆಗ 100 ಓಮ್ ಎಲೆಕ್ಟ್ರೋಡಿನ ಮೇಲೆ 1 ಸೆಂಟಿಮೀಟರ್ ಅಗಲದ ಸೆಲ್ ಮಾಡಿದರೂ ನಷ್ಟ ನೂರಕ್ಕೆ ಒಂದೂ ಆಗುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ತೇವ ಅಳೆಯುವ ಪುಟ್ಟ ಸೆನ್ಸರ್‌ಗೆ ಸೆಲ್ ಬೇಕು ಅಂತ ಮಂಡ್ಯದ ಕಡೆಯ ಒಂದು ತಂಡ ಕೇಳಿತ್ತು. ಅಂಥ ಕೆಲಸಕ್ಕೆ ಬೆಳ್ಳಿ, ಗಿಳ್ಳಿ ಏನೂ ಬೇಡ. ಬರೀ ಪೆಡಾಟ್ ಸಾಕು.

ಆಮೇಲೆ ಬಗ್ಗಿಸುವ ಲೆಕ್ಕ

ಹಾಳೆ ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವುದು ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ. 125 ಮೈಕ್ರಾನ್ ಪಿಇಟಿಯನ್ನು 4 ಮಿಲಿಮೀಟರ್ ತ್ರಿಜ್ಯದ ಪೆನ್ನಿಗೆ ಸುತ್ತಿದರೆ ನೂರಕ್ಕೆ ಒಂದೂವರೆಯಷ್ಟು ಹಿಗ್ಗು. ಐಟಿಓ ಪದರ ಬಿರುಕು ಬಿಡಲು ಶುರು ಮಾಡುವುದು ಹೆಚ್ಚುಕಮ್ಮಿ ಇದೇ ಮಟ್ಟದಲ್ಲಿ, ಒಂದರಿಂದ ಎರಡರ ಒಳಗೆ. ಅದೇ ಪೆನ್ನು, 50 ಮೈಕ್ರಾನ್ ಹಾಳೆ ಆದರೆ ಹಿಗ್ಗು 0.6 ಮಾತ್ರ. ಐಟಿಓ ಬದುಕಿಕೊಳ್ಳುತ್ತದೆ. ಅಂದರೆ "ಐಟಿಓ ಬಾಗಲ್ಲ" ಅನ್ನುವ ಮಾತು ಅರ್ಧ ಸತ್ಯ. ತೆಳು ಹಾಳೆ ಹಿಡಿದರೆ ಅದೂ ಸುಮಾರಾಗಿ ಬಾಗುತ್ತದೆ.

ಇನ್ನೊಂದು ಉಪಾಯವೂ ಇದೆ. ಸೆಲ್ ಮುಗಿದ ಮೇಲೆ ಅಷ್ಟೇ ದಪ್ಪದ ಇನ್ನೊಂದು ಪಿಇಟಿ ಹಾಳೆಯನ್ನು ಮೇಲೆ ಅಂಟಿಸಿ. ಆಗ ಎಲೆಕ್ಟ್ರೋಡು ಇಡೀ ಕಟ್ಟಿನ ನಟ್ಟನಡುವೆ ಬರುತ್ತದೆ. ಬಗ್ಗಿಸಿದಾಗ ನಡುವಿನ ಜಾಗ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೇಗೂ ತೇವಕ್ಕೆ ಮುಚ್ಚಲೇಬೇಕು, ಮುಚ್ಚುವ ಹಾಳೆಯ ದಪ್ಪ ಸರಿಯಾಗಿ ಆರಿಸಿಕೊಂಡರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಐಟಿಓ: ಹಳೆಯ ಹುಲಿ

ಇಂಡಿಯಂ ಆಕ್ಸೈಡಿಗೆ ತೂಕದಲ್ಲಿ ನೂರಕ್ಕೆ ಹತ್ತರಷ್ಟು ತವರದ ಆಕ್ಸೈಡ್ ಬೆರೆಸಿದ್ದೇ ಐಟಿಓ. ನಿಮ್ಮ ಮೊಬೈಲಿನ ಟಚ್ ಸ್ಕ್ರೀನಿನಲ್ಲೂ ಬಹುತೇಕ ಇದೇ ಇರುತ್ತದೆ. ಗಾಜಿನ ಮೇಲೆ ಇದಕ್ಕೆ ಸಾಟಿ ಇಲ್ಲ, 10ರಿಂದ 15 ಓಮ್ ಆರಾಮಾಗಿ ಬರುತ್ತದೆ. ಪಿಇಟಿ ಮೇಲೆ ಆ ಆಟ ನಡೆಯಲ್ಲ. ಒಳ್ಳೆಯ ಐಟಿಓ ಆಗಬೇಕಾದರೆ ಚೆನ್ನಾಗಿ ಕಾಯಿಸಬೇಕು, ಅಷ್ಟು ಕಾಯಿಸಿದರೆ ಪಿಇಟಿ ಸೊಟ್ಟಗಾಗುತ್ತದೆ. ಹಾಗಾಗಿ ಪ್ಲಾಸ್ಟಿಕ್ ಮೇಲಿನ ಐಟಿಓ 50 ಓಮಿನ ಆಸುಪಾಸಿನಲ್ಲೇ ಇರುವುದು ಜಾಸ್ತಿ. ಗಾಜಿನ ಮೇಲಿನ ಅಂಕಿ ನೋಡಿಕೊಂಡು ಪ್ಲಾಸ್ಟಿಕ್ ಶೀಟ್ ಆರ್ಡರ್ ಮಾಡಬೇಡಿ.

ಇಂಡಿಯಂಗೆ ಅಂತ ಯಾರೂ ಗಣಿ ತೋಡುವುದಿಲ್ಲ. ಸತುವು ತೆಗೆಯುವಾಗ ಜೊತೆಗೆ ಸಿಕ್ಕಿದ್ದೇ ಬಂತು. ಸತುವಿನ ಕೆಲಸ ಕಮ್ಮಿಯಾದರೆ ಇಂಡಿಯಮ್ಮೂ ಕಮ್ಮಿ. ಬೆಲೆ ಏರಿಳಿತಕ್ಕೆ ಇದೊಂದು ಕಾರಣ. ಪ್ರಾಜೆಕ್ಟ್ ಮಾಡುವವರಿಗೆ ಇದು ದೊಡ್ಡ ವಿಷಯ ಅಲ್ಲ, ಫ್ಯಾಕ್ಟರಿ ಹಾಕುವವರಿಗೆ ದೊಡ್ಡದು.

ಐಟಿಓ ಒಡೆಯುವುದನ್ನು ಕಣ್ಣಾರೆ ನೋಡಬೇಕು ಅಂದರೆ ಸುಲಭ. ಒಂದು ಪಟ್ಟಿ ಕತ್ತರಿಸಿ, ಎರಡು ತುದಿಗೆ ಸಿಲ್ವರ್ ಪೇಂಟ್ ಹಚ್ಚಿ, ಮಲ್ಟಿಮೀಟರಿನ ಕ್ಲಿಪ್ ಸಿಕ್ಕಿಸಿ. ಐಟಿಓ ಮೈ ಹೊರಗೆ ಬರುವ ಹಾಗೆ ಮೊದಲು ದಪ್ಪ ಮಾರ್ಕರ್‌ಗೆ ಸುತ್ತಿ, ಆಮೇಲೆ ಪೆನ್ನಿಗೆ, ಆಮೇಲೆ ರೀಫಿಲ್‌ಗೆ. ಮಾರ್ಕರ್ ಹತ್ತಿರ ಅಂಕಿ ಕದಲುವುದಿಲ್ಲ. ಪೆನ್ನಿನ ಹತ್ತಿರ ನಿಧಾನಕ್ಕೆ ಏರುತ್ತದೆ, ಬಿಟ್ಟರೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಇಳಿಯುವುದಿಲ್ಲ. ರೀಫಿಲ್‌ಗೆ ಸುತ್ತಿದಾಗ ಅಂಕಿ ಹಾರಿ ಹೋಗುತ್ತದೆ. ಆ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿ, ಬಗ್ಗಿಸಿದ ದಿಕ್ಕಿಗೆ ಅಡ್ಡಲಾಗಿ ನೇರ ನೇರ ಗೆರೆಗಳು, ಒಂದರ ಪಕ್ಕ ಒಂದು. ಬಿಟ್ಟಾಗ ತಡೆ ಸ್ವಲ್ಪ ಇಳಿದದ್ದು ಯಾಕೆ ಅಂದರೆ ಬಿರುಕಿನ ಎರಡು ದಡ ಮತ್ತೆ ತಾಗಿಕೊಂಡಿರುತ್ತವೆ, ಅಷ್ಟೇ. ಗಾಯ ಮಾದಿಲ್ಲ. ಬಗ್ಗಿಸುವ ಪರೀಕ್ಷೆ ಮಾಡಿ, ನೇರ ಮಾಡಿದ ಮೇಲೆ ಮಾತ್ರ ಅಳೆದು "ಏನೂ ಆಗಿಲ್ಲ" ಅಂತ ಬರೆಯುವವರನ್ನು ನಂಬಬೇಡಿ. ಬಾಗಿರುವಾಗಲೇ ಅಳೆಯಬೇಕು.

ಇನ್ನೊಂದು ತಕರಾರು: ಪೆಡಾಟ್ ಬರುವುದು ಪಿಎಸ್ಎಸ್ ಅನ್ನುವ ಇನ್ನೊಂದು ಪಾಲಿಮರಿನ ಜೊತೆ, ಆ ಮಿಶ್ರಣ ಆಮ್ಲ. ಐಟಿಓ ಮೇಲೆ ನೇರ ಬಳಿದರೆ ನಿಧಾನಕ್ಕೆ ತಿನ್ನುತ್ತದೆ, ಇಂಡಿಯಂ ಸೆಲ್ಲಿನ ಒಳಗೆ ಸೇರುತ್ತದೆ. ಐಟಿಓ ಮೇಲೆ ಜಿಂಕ್ ಆಕ್ಸೈಡ್ ಹಾಕಿ ಇನ್ವರ್ಟೆಡ್ (ಪದರಗಳ ಕ್ರಮ ತಿರುಗಿಸಿದ) ಸೆಲ್ ಮಾಡಿದರೆ ಈ ರಗಳೆ ಇಲ್ಲ. ನಾನಾದರೆ ಅದನ್ನೇ ಮಾಡುವುದು.

ಪೆಡಾಟ್-ಪಿಎಸ್ಎಸ್: ಬಾಟಲಿಯಿಂದ ಸುರಿಯುವ ಎಲೆಕ್ಟ್ರೋಡು

ಪ್ಲಾಸ್ಟಿಕ್ಕಿನಲ್ಲೂ ಕರೆಂಟು ಹರಿಸಬಹುದು ಅಂತ ತೋರಿಸಿದ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಕಾವ ಮೂವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಆ ವಂಶದ ಕುಡಿ ಇದು. ಕಡು ನೀಲಿ ದ್ರವ. ಬಾಟಲಿಯಿಂದ ತೆಗೆದು ಹಾಗೇ ಬಳಿದರೆ ಎಲೆಕ್ಟ್ರೋಡಿಗೆ ಲಾಯಕ್ಕಿಲ್ಲ, ವಾಹಕತೆ ತೀರಾ ಕಡಿಮೆ. ನೂರಕ್ಕೆ 5ರಷ್ಟು ಡಿಎಂಎಸ್ಓ ಇಲ್ಲವೇ ಎಥಿಲೀನ್ ಗ್ಲೈಕಾಲ್ ಅನ್ನುವ ದ್ರಾವಕ ಬೆರೆಸಿ ನೋಡಿ, ವಾಹಕತೆ ನೂರಾರು ಪಟ್ಟು ಏರುತ್ತದೆ. ಪಿಎಚ್1000 ಅನ್ನುವ ದರ್ಜೆಯದ್ದನ್ನೇ ತರಿಸಿ. ಹೋಲ್ ಪದರಕ್ಕೆ (ಧನ ಚಾರ್ಜು ದಾಟಿಸುವ ತೆಳು ಪದರಕ್ಕೆ) ಅಂತ ಮಾರುವ ಎಐ4083 ದರ್ಜೆ ತಂದು "ಯಾಕೆ ಕರೆಂಟ್ ಹರೀತಿಲ್ಲ ಸಾರ್" ಅಂತ ಕೇಳುವವರು ವರ್ಷಕ್ಕೊಬ್ಬರಾದರೂ ಇದ್ದಾರೆ. ಹೆಸರು ಒಂದೇ, ಕೆಲಸ ಬೇರೆ.

ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ ವಾಹಕತೆಯನ್ನು ಇನ್ನೂ ಮೂರು ನಾಲ್ಕು ಪಟ್ಟು ಏರಿಸಿದವರಿದ್ದಾರೆ. ಗಾಜಿನ ಮೇಲೆ ಚೆನ್ನ. ಪಿಇಟಿ ಮೇಲೆ, ಅದೂ ಬಿಇ ಲ್ಯಾಬಿನಲ್ಲಿ, ದಯವಿಟ್ಟು ಬೇಡ.

ಬಳಿಯುವ ಕ್ರಮ ಸರಳ. ಪಿಇಟಿಯನ್ನು ಸೋಪು ನೀರು, ಡಿಸ್ಟಿಲ್ಡ್ ನೀರು, ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಇವುಗಳಲ್ಲಿ ತೊಳೆಯಿರಿ. ಆಮೇಲೆ ಯುವಿ-ಓಝೋನ್ ಕೊಡಿ, ಇಲ್ಲದಿದ್ದರೆ ದ್ರವ ಹಾಳೆಗೆ ಅಂಟದೆ ಹನಿಹನಿಯಾಗಿ ಓಡಾಡುತ್ತದೆ. ಪೆಡಾಟನ್ನು 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಹಾಳೆಯ ಮೇಲೆ ಹಾಕಿ ಗಿರಗಿರ ತಿರುಗಿಸಿ ಹರಡಿ (ಸ್ಪಿನ್ ಮಾಡಿ), 120 ಡಿಗ್ರಿಯಲ್ಲಿ ಒಣಗಿಸಿ. ಬೇಡವಾದ ಜಾಗವನ್ನು ಒದ್ದೆ ಬಡ್‌ನಿಂದ ಒರೆಸಿದರೆ ಪ್ಯಾಟರ್ನ್ ರೆಡಿ. ಐಟಿಓಗೆ ಟೇಪ್ ಅಂಟಿಸಿ, ಸತುವಿನ ಪುಡಿ ಹಾಕಿ, ಆಸಿಡ್ ಸುರಿದು ಒದ್ದಾಡುವುದಕ್ಕಿಂತ ಎಷ್ಟೋ ವಾಸಿ. ಬಾಟಲಿ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ.

ಬಗ್ಗಿಸುವ ವಿಷಯದಲ್ಲಿ ಪೆಡಾಟಿಗೆ ಅಂಜಿಕೆಯೇ ಇಲ್ಲ. ರೀಫಿಲ್‌ಗೆ ಸುತ್ತಿದರೂ ಸುಮ್ಮನಿರುತ್ತದೆ. ತೊಂದರೆ ಇರುವುದು ತಡೆಯಲ್ಲಿ. ಒಳ್ಳೆಯ ಬೆಳಕು ಬೇಕು ಅಂದರೆ 50ರಿಂದ 100 ಓಮ್‌ಗಿಂತ ಕೆಳಗೆ ಇಳಿಸುವುದು ಕಷ್ಟ. ಇನ್ನೊಂದು ತೇವ. ಪಿಎಸ್ಎಸ್ ನೀರು ಕುಡಿಯುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೈಸೂರಿನ ಲ್ಯಾಬಿನಲ್ಲಿ ಕಿಟಕಿ ತೆಗೆದಿಟ್ಟು ಕೆಲಸ ಮಾಡಿದರೆ ಬೆಳಗ್ಗೆಯ ಅಳತೆಗೂ ಸಂಜೆಯ ಅಳತೆಗೂ ತಾಳೆಯಾಗುವುದಿಲ್ಲ. ಅಳೆಯುವ ಮೊದಲು ಮತ್ತೊಮ್ಮೆ ಹಾಟ್ ಪ್ಲೇಟಿನಲ್ಲಿ ಒಣಗಿಸಿ.

ಬೆಳ್ಳಿ ಎಳೆಗಳು

ಸಿಲ್ವರ್ ನ್ಯಾನೋವೈರ್. ನೂರು ನ್ಯಾನೋಮೀಟರಿಗಿಂತ ಸಣ್ಣ ದಪ್ಪ, ಹತ್ತಾರು ಮೈಕ್ರಾನ್ ಉದ್ದ. ಸಾವಿರಾರು ಎಳೆ ಒಂದರ ಮೇಲೊಂದು ಬಿದ್ದು ಬಲೆಯಾಗುತ್ತವೆ. ಕರೆಂಟು ಎಳೆಯಲ್ಲಿ ಓಡುತ್ತದೆ, ಬೆಳಕು ಸಂದಿಯಲ್ಲಿ ನುಗ್ಗುತ್ತದೆ. 10ರಿಂದ 20 ಓಮ್, ಜೊತೆಗೆ ನೂರಕ್ಕೆ 85 ದಾಟುವ ಬೆಳಕು, ಮೇಲಿಂದ ಬಾಗುತ್ತದೆ. ಕೇಳಿದರೆ ಇಷ್ಟು ಸಾಕಲ್ವಾ ಅನ್ನಿಸುತ್ತದೆ.

ಇದನ್ನು ಲ್ಯಾಬಿನಲ್ಲೇ ತಯಾರಿಸಬಹುದು. ಎಥಿಲೀನ್ ಗ್ಲೈಕಾಲನ್ನು ಸುಮಾರು 160 ಡಿಗ್ರಿಗೆ ಕಾಯಿಸಿ, ಪಿವಿಪಿ ಅನ್ನುವ ಪಾಲಿಮರ್ ಮತ್ತು ಚಿಟಿಕೆ ಕ್ಲೋರೈಡ್ ಉಪ್ಪು ಹಾಕಿ, ಸಿಲ್ವರ್ ನೈಟ್ರೇಟನ್ನು ನಿಧಾನಕ್ಕೆ ಬಿಡುವುದು. ಸಿಲ್ವರ್ ನೈಟ್ರೇಟ್ ಮೈಸೂರಿಗೆ ಹೊಸದೇನಲ್ಲ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯೊಳಗೆ ಇರುವುದೂ ಇದೇ, ಅದನ್ನು ತಯಾರಿಸುವುದು 1937ರಲ್ಲಿ ಶುರುವಾದ ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಗ್ಲೌಸ್ ಇಲ್ಲದೆ ಮುಟ್ಟಿದರೆ ಬೆರಳು ಕಪ್ಪಾಗುತ್ತದೆ, ಉಜ್ಜಿದರೂ ಹೋಗುವುದಿಲ್ಲ, ಚರ್ಮ ಬೆಳೆದು ತಾನಾಗಿ ಉದುರಬೇಕು. ಆದರೂ ಮೊದಲ ಪ್ರಾಜೆಕ್ಟಿಗೆ ರೆಡಿ ದ್ರಾವಣ ಕೊಳ್ಳುವುದೇ ಲೇಸು. ಎಳೆಯ ಬದಲು ಬರೀ ಉಂಡೆ ಕಣಗಳೇ ಬರುವ ಸಾಧ್ಯತೆ ಜಾಸ್ತಿ, ಅದನ್ನು ಸರಿಮಾಡುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ತಂದ ದ್ರಾವಣದ ಬಾಟಲಿಯನ್ನು ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿ. ಅಲ್ಟ್ರಾಸಾನಿಕ್ ಬಾತಿನಲ್ಲಿ ಹಾಕಿ ಬಿಟ್ಟರೆ ಎಳೆಗಳು ತುಂಡಾಗುತ್ತವೆ, ತುಂಡಾದ ಎಳೆ ಬಲೆ ಕಟ್ಟುವುದಿಲ್ಲ. ಬಳಿಯಲು ತಂತಿ ಸುತ್ತಿದ ಮೇಯರ್ ರಾಡ್ ಒಳ್ಳೆಯದು. ಹಾಳೆಯ ಒಂದು ಅಂಚಿಗೆ ದ್ರವದ ಗೆರೆ ಎಳೆದು, ರಾಡನ್ನು ಉರುಳಿಸದೆ ಒಂದೇ ವೇಗದಲ್ಲಿ ಜಾರಿಸಿ. ನಡುವೆ ಕೈ ನಿಂತರೆ ಅಲ್ಲೊಂದು ಬೂದು ಗೆರೆ ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಸ್ಪಷ್ಟ ಕಾಣುತ್ತದೆ. ಒಣಗಿದ ಮೇಲೆ ಮೊದಲ ಅಳತೆ ನೋಡಿ ಬೇಜಾರಾಗಬೇಡಿ. ಎಳೆಗಳ ಮೈಗೆ ಪಿವಿಪಿ ಅಂಟಿಕೊಂಡಿರುತ್ತದೆ, ಒಂದನ್ನೊಂದು ಸರಿಯಾಗಿ ಮುಟ್ಟಿರುವುದಿಲ್ಲ. ಪಿಇಟಿ ತಡೆಯುವಷ್ಟು ಬಿಸಿ ಕೊಟ್ಟು, ಎರಡು ನುಣುಪು ಹಾಳೆಯ ನಡುವೆ ಇಟ್ಟು ಒತ್ತಿ. ತಡೆ ಚೆನ್ನಾಗಿ ಇಳಿಯುತ್ತದೆ.

ಈಗ ಕೆಟ್ಟ ಸುದ್ದಿ. ಎರಡು ಮೂರು ಎಳೆ ಒಂದರ ಮೇಲೊಂದು ಕೂತ ಕಡೆ ಎತ್ತರ 100, 150 ನ್ಯಾನೋಮೀಟರ್ ಆಗುತ್ತದೆ. ನಿಮ್ಮ ಆರ್ಗ್ಯಾನಿಕ್ ಪದರವೇ ಅಷ್ಟು. ಎಳೆ ಮೇಲೆದ್ದು ಹಿಂದಿನ ಲೋಹವನ್ನು ಮುಟ್ಟಿದರೆ ಸೆಲ್ ಶಾರ್ಟ್. ಟಚ್ ಸ್ಕ್ರೀನಿಗೆ ಚೆನ್ನಾಗಿ ನಡೆಯುವ ಎಳೆ ಸೋಲಾರ್ ಸೆಲ್‌ನಲ್ಲಿ ಕೈಕೊಡುವುದು ಹೀಗೆ. ಇದಕ್ಕೆ ಎರಡು ದಾರಿ. ಎಳೆಗಳ ಮೇಲೆ ಪೆಡಾಟ್ ಅಥವಾ ಜಿಂಕ್ ಆಕ್ಸೈಡ್ ಬಳಿದು ತಗ್ಗು ತುಂಬುವುದು ಸುಲಭದ್ದು. ಇನ್ನೊಂದು ನನಗೆ ಇಷ್ಟವಾದದ್ದು: ಎಳೆಗಳನ್ನು ಗಾಜಿನ ಮೇಲೆ ಬಳಿದು, ಮೇಲೆ ಪಾರದರ್ಶಕ ಪಾಲಿಮರ್ ಸುರಿದು, ಗಟ್ಟಿಯಾದ ಮೇಲೆ ಸಿಪ್ಪೆ ಬಿಡಿಸುವಂತೆ ಎಬ್ಬಿಸುವುದು. ಗಾಜಿಗೆ ತಾಗಿದ್ದ ಮುಖವೇ ಈಗ ಮೇಲ್ಮುಖ, ಗಾಜಿನಷ್ಟೇ ನುಣುಪು, ಎಳೆಗಳು ಪಾಲಿಮರಿನೊಳಗೆ ಹುದುಗಿರುತ್ತವೆ. ಟೇಪ್ ಅಂಟಿಸಿ ಕಿತ್ತರೂ ಎದ್ದು ಬರುವುದಿಲ್ಲ.

ಬೆಳ್ಳಿ ಕಪ್ಪಾಗುವುದು ಎಲ್ಲರಿಗೂ ಗೊತ್ತು, ಗಾಳಿಯಲ್ಲಿರುವ ಗಂಧಕದ ಅಂಶ ಕಾರಣ. ಇಷ್ಟು ಸಣ್ಣ ಎಳೆ ಕಪ್ಪಾದರೆ ಬಣ್ಣ ಮಾತ್ರ ಹೋಗುವುದಲ್ಲ, ಎಳೆಯೇ ಕಡಿದುಹೋಗುತ್ತದೆ. ಮುಚ್ಚದೆ ಬೆಂಚಿನ ಮೇಲೆ ಬಿಡಬೇಡಿ. ಇನ್ನು ಎಳೆಗಳಿಂದ ಹಾಳೆ ಸ್ವಲ್ಪ ಮಸುಕು ಕಾಣುತ್ತದೆ. ಟಿವಿ ಪರದೆಗೆ ಅದು ದೋಷ, ನಮಗೆ ಲಾಭ. ಚದುರಿದ ಬೆಳಕು ಓರೆಯಾಗಿ ಹೋಗಿ ತೆಳು ಪದರದಲ್ಲಿ ಜಾಸ್ತಿ ದೂರ ಸಾಗುತ್ತದೆ.

ಬೆಳ್ಳಿ ಜಾಲ, ಮುದ್ರಿಸಿದ ಗೆರೆ

ಬೇಸಿಗೆಯಲ್ಲಿ ಕೆರೆಯಂಗಳ ಒಣಗಿ ಬಾಯಿಬಿಟ್ಟು ಬಿರುಕು ಬಿಡುತ್ತದಲ್ಲ, ಅದೇ ಚಿತ್ರವನ್ನು ಮೈಕ್ರಾನ್ ಗಾತ್ರಕ್ಕೆ ಇಳಿಸಿ ಎಲೆಕ್ಟ್ರೋಡ್ ಮಾಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಜವಾಹರಲಾಲ್ ನೆಹರು ಕೇಂದ್ರದ ಜಿ. ಯು. ಕುಲಕರ್ಣಿ ಅವರ ತಂಡ. ಹಾಳೆಯ ಮೇಲೆ ಒಣಗಿದಾಗ ಬಿರುಕು ಬಿಡುವ ದ್ರವ ಬಳಿಯುತ್ತಾರೆ. ಬಿರುಕು ತಳದ ತನಕ ಇಳಿಯುತ್ತದೆ. ಮೇಲಿಂದ ಲೋಹವನ್ನು ಆವಿ ಮಾಡಿ ಹಾಯಿಸುತ್ತಾರೆ, ಬಿರುಕಿನೊಳಗೂ ಬೀಳುತ್ತದೆ, ಹೊರಗೂ ಬೀಳುತ್ತದೆ. ಆಮೇಲೆ ತೊಳೆದರೆ ಆ ಪದರದ ಜೊತೆ ಮೇಲಿನ ಲೋಹ ಹೋಗಿ ಬಿರುಕಿನೊಳಗಿನದ್ದು ಮಾತ್ರ ಜಾಲವಾಗಿ ಉಳಿಯುತ್ತದೆ. ಎಲ್ಲ ಗೆರೆಗಳೂ ಒಂದಕ್ಕೊಂದು ಹುಟ್ಟಿನಿಂದಲೇ ಕೂಡಿಕೊಂಡಿರುವುದರಿಂದ ಬೆಳ್ಳಿ ಎಳೆಯ ಹಾಗೆ ಒತ್ತಿ ಬೆಸೆಯುವ ಕಷ್ಟ ಇಲ್ಲ. 10 ಓಮಿಗಿಂತ ಕೆಳಗೆ ಇಳಿಸಬಹುದು. ಮಾಸ್ಕ್, ಲಿಥೋಗ್ರಫಿ ಯಾವುದೂ ಬೇಡ. ಲೋಹ ಹಾಯಿಸಲು ವ್ಯಾಕ್ಯೂಮ್ ಚೇಂಬರ್ ಒಂದು ಬೇಕು, ಅಷ್ಟೇ.

ಜಾಲದ ಕಣ್ಣುಗಳು ಹತ್ತಾರು ಮೈಕ್ರಾನ್ ಇರುತ್ತವೆ. ಆರ್ಗ್ಯಾನಿಕ್ ಪದರದಲ್ಲಿ ಚಾರ್ಜು ಅಷ್ಟು ದೂರ ಅಡ್ಡಲಾಗಿ ಬರುವುದಿಲ್ಲ. ಹಾಗಾಗಿ ಕಣ್ಣು ತುಂಬಲು ಪೆಡಾಟ್ ಬೇಕೇ ಬೇಕು.

ವ್ಯಾಕ್ಯೂಮ್ ಇಲ್ಲದವರಿಗೆ ಮುದ್ರಿಸಿದ ಗೆರೆ. ಡೆನ್ಮಾರ್ಕಿನ ರಿಸೋದಲ್ಲಿ ಫ್ರೆಡರಿಕ್ ಕ್ರೆಬ್ಸ್ ಅವರ ತಂಡ ಪಿಇಟಿ ಮೇಲೆ ಬೆಳ್ಳಿ ಗೆರೆ, ಪೆಡಾಟ್, ಜಿಂಕ್ ಆಕ್ಸೈಡ್ ಮೂರನ್ನೂ ಸುರುಳಿಯಿಂದ ಸುರುಳಿಗೆ ಮುದ್ರಿಸಿ ಫ್ಲೆಕ್ಸ್‌ಟ್ರೋಡ್ ಅಂತ ಹೆಸರಿಟ್ಟಿತು. ಐಟಿಓ ಇಲ್ಲ, ವ್ಯಾಕ್ಯೂಮೂ ಇಲ್ಲ. ನಮ್ಮಲ್ಲಿ ಇದರ ಸಣ್ಣ ರೂಪ ಮಾಡಲು ಮದುವೆ ಕಾರ್ಡು ಹೊಡೆಯುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಒಂದು ಫ್ರೇಮ್ ಮಾಡಿಸಿಕೊಂಡರೆ ಆಯಿತು. "ಬರೀ ಗೆರೆನಾ ಸಾರ್? ಹೆಸ್ರು, ಮುಹೂರ್ತ ಏನೂ ಇಲ್ವಾ?" ಅಂತ ನಗಬಹುದು, ನಗಲಿ. 6 ಮಿಲಿಮೀಟರಿಗೊಂದು ಗೆರೆ ಎಳೆದರೆ ಕರೆಂಟು ಎರಡೂ ಕಡೆ ಹರಿಯುವುದರಿಂದ ದೂರ 3 ಮಿಲಿಮೀಟರ್ ಮಾತ್ರ. ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ, 50 ಓಮಿನ ಪೆಡಾಟಿಗೂ ನಷ್ಟ ನೂರಕ್ಕೆ ನಾಲ್ಕರ ಮೇಲೆ ಸ್ವಲ್ಪ. ಗೆರೆ 150 ಮೈಕ್ರಾನ್ ಅಗಲ ಇದ್ದರೆ ನೆರಳಿನ ನಷ್ಟ ಎರಡೂವರೆ. ಕೂಡಿದರೂ ಏಳು ದಾಟುವುದಿಲ್ಲ, ಸೆಲ್ ಮಾತ್ರ ಎಷ್ಟು ಬೇಕಾದರೂ ಉದ್ದ ಹೋಗಬಹುದು. ಒಂದು ಎಚ್ಚರಿಕೆ: ಸ್ಕ್ರೀನ್ ಪ್ರಿಂಟಿನ ಬೆಳ್ಳಿ ಹಲವು ಮೈಕ್ರಾನ್ ಎತ್ತರ ಬರುತ್ತದೆ. ಅದರ ಮೇಲೆ ಹಿಂದಿನ ಲೋಹ ಬೀಳದ ಹಾಗೆ ಮಾಸ್ಕ್ ಕತ್ತರಿಸಿ. ಗೆರೆ ಇರುವುದು ಸೆಲ್‌ಗಳ ನಡುವಿನ ಓಣಿಯಲ್ಲಿ, ಸೆಲ್ಲಿನ ಹೊಟ್ಟೆಯಲ್ಲಲ್ಲ.

ಉಳಿದವರು

ತೆಳು ಬೆಳ್ಳಿ ಪದರ: ಬೆಳ್ಳಿಯನ್ನು 8ರಿಂದ 10 ನ್ಯಾನೋಮೀಟರ್ ಹಾಯಿಸಿದರೆ ಬೆಳಕು ದಾಟುತ್ತದೆ. ಅದಕ್ಕಿಂತ ತೆಳುವಾದರೆ ಬಿಡಿಬಿಡಿ ದ್ವೀಪಗಳಾಗಿ ಕೂತು ಕರೆಂಟು ಹರಿಯುವುದೇ ಇಲ್ಲ. ಎರಡೂ ಕಡೆ ಮಾಲಿಬ್ಡಿನಂ ಆಕ್ಸೈಡ್ ಹಾಕಿದರೆ ಪ್ರತಿಫಲನ ತಗ್ಗಿ ಬೆಳಕು ಇನ್ನೂ ಜಾಸ್ತಿ ಒಳಗೆ ಬರುತ್ತದೆ. 10 ಓಮಿಗಿಂತ ಕಡಿಮೆ, ನುಣುಪು, ಬಾಗುತ್ತದೆ, ಶಾರ್ಟ್ ಭಯ ಇಲ್ಲ. ಒಳ್ಳೆಯ ಥರ್ಮಲ್ ಇವಾಪರೇಟರ್ (ಲೋಹವನ್ನು ಕಾಯಿಸಿ ಆವಿ ಮಾಡಿ ಹಾಯಿಸುವ ಯಂತ್ರ) ನಿಮ್ಮ ಕೈಗೆ ಸಿಗುವುದಾದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಮಾಡಿ. ಸಿಗದವರು ಬೆಂಗಳೂರಿನ ಐಐಎಸ್ಸಿಯ ನ್ಯಾನೋ ಕೇಂದ್ರ ನೋಡಬಹುದು, ಹೊರಗಿನ ಕಾಲೇಜಿನವರು ಅರ್ಜಿ ಹಾಕಿ ಉಪಕರಣ ಬಳಸುವ ದಾರಿ ಅಲ್ಲಿದೆ.

ಗ್ರಾಫೀನ್: ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಒಂದು ಪದರ ನುಂಗುವುದು ನೂರಕ್ಕೆ 2.3 ಬೆಳಕು ಮಾತ್ರ. 2010ರಲ್ಲಿ ಕೊರಿಯಾದವರು 30 ಇಂಚಿನ ಹಾಳೆಯನ್ನೇ ಸುರುಳಿಯಿಂದ ಸುರುಳಿಗೆ ಎಳೆದು ತೋರಿಸಿದರು, ನಾಲ್ಕು ಪದರ ಸೇರಿಸಿ, ಡೋಪ್ ಮಾಡಿ (ವಾಹಕತೆ ಏರಿಸುವ ರಾಸಾಯನಿಕ ಹಾಯಿಸಿ) 30 ಓಮ್ ತಂದರು. ತಾಮ್ರದ ಹಾಳೆಯ ಮೇಲೆ ಬೆಳೆಸಿದ್ದನ್ನು ಹರಿಯದ ಹಾಗೆ ಪಿಇಟಿಗೆ ಎತ್ತಿ ಹಾಕುವುದು ಒಂದು ವಿದ್ಯೆಯೇ ಸರಿ. ಪ್ರಾಜೆಕ್ಟ್ ಹೆಸರಿನಲ್ಲಿ ಗ್ರಾಫೀನ್ ಇದ್ದರೆ ಗೈಡ್‌ಗೆ ಖುಷಿ, ಮಾಡುವವರಿಗೆ ಜ್ವರ. ಕಾರ್ಬನ್ ನ್ಯಾನೋಟ್ಯೂಬ್ ಬಲೆ ಬಳಿಯಲು ಸುಲಭ, ತಡೆ ನೂರಾರು ಓಮ್. ಬಿಸಿಲಿನ ಸೆಲ್‌ಗೆ ನಾನು ಹೇಳುವುದಿಲ್ಲ.

ನಿಮ್ಮ ಪದರ ಯಾವ ಬೆಳಕು ತಿನ್ನುತ್ತದೆ?

ಮಾರುವವರು 550 ನ್ಯಾನೋಮೀಟರಿನ ಹಸಿರು ಬೆಳಕಿನ ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹಳೆಯ ಪಿ3ಎಚ್‌ಟಿ ಪಾಲಿಮರಿನ ಸೆಲ್ ಆದರೆ ಪರವಾಗಿಲ್ಲ, ಅದು ತಿನ್ನುವುದೇ 650ರ ತನಕ. 2019ರಲ್ಲಿ ಬಂದ ವೈ6 ಜಾತಿಯ ಅಣುಗಳು 900ರ ಹತ್ತಿರದವರೆಗೂ ಹೀರುತ್ತವೆ. ಅಲ್ಲಿ ದಪ್ಪ ಪೆಡಾಟ್ ತಾನೇ ಬೆಳಕು ನುಂಗಲು ಶುರು ಮಾಡುತ್ತದೆ, ತೆಳು ಬೆಳ್ಳಿ ಕನ್ನಡಿಯಾಗಲು ನೋಡುತ್ತದೆ. ಎಳೆ, ಜಾಲಗಳಿಗೆ ಬಣ್ಣದ ಭೇದ ಅಷ್ಟಿಲ್ಲ. 400ರಿಂದ 900ರವರೆಗಿನ ಪೂರ್ತಿ ಗ್ರಾಫ್ ಕೇಳಿ ತರಿಸಿಕೊಳ್ಳಿ. ಇನ್ನೊಂದು, ಆ ಅಂಕಿ ಬರೀ ಪದರದ್ದಾ, ಹಾಳೆ ಸೇರಿಸಿಯಾ? ಪಿಇಟಿ ಒಂದೇ ನೂರಕ್ಕೆ ಹತ್ತರಷ್ಟು ಬೆಳಕನ್ನು ತಡೆದಿರುತ್ತದೆ. ಒಬ್ಬರು ಕಳೆದು ಬರೆದದ್ದನ್ನೂ ಇನ್ನೊಬ್ಬರು ಕಳೆಯದೆ ಬರೆದದ್ದನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಕೆ ಎಲ್ಲಿ ಬಂತು?

ಹಾಗಾದರೆ ಯಾವುದು?

3 ಮಿಲಿಮೀಟರ್ ಒಳಗಿನ ಸೆಲ್, ಡಬ್ಬಿಯ ಮೈಗೆ ಸುತ್ತುವಷ್ಟು ಬಾಗು: 50 ಮೈಕ್ರಾನ್ ಪಿಇಟಿ ಮೇಲಿನ ಐಟಿಓ ತಗೊಳ್ಳಿ, ಮೇಲೆ ಇನ್ನೊಂದು ಹಾಳೆ ಅಂಟಿಸಿ, ನೆಮ್ಮದಿಯಾಗಿರಿ. ಇಷ್ಟಕ್ಕೆ ಬೆಳ್ಳಿ ಎಳೆ ತಂದು ಶಾರ್ಟ್ ಜೊತೆ ಗುದ್ದಾಡಬೇಡಿ. ಮನೆಯೊಳಗಿನ ಬೆಳಕಿಗೆ ಅಂದರೆ ಪೆಡಾಟ್, ಎಷ್ಟು ಬೇಕಾದರೂ ಬಗ್ಗಿಸಿ. ಬಿಸಿಲಿಗೆ ಸೆಂಟಿಮೀಟರ್ ದಾಟುವ ಸೆಲ್ ಬೇಕು, ವ್ಯಾಕ್ಯೂಮ್ ಇಲ್ಲ ಅನ್ನುವವರಿಗೆ ಬೆಳ್ಳಿ ಗೆರೆ ಮತ್ತು ಪೆಡಾಟ್ ಜೋಡಿ. ನಮ್ಮ ಕಡೆಯ ಬಹುಪಾಲು ಕಾಲೇಜುಗಳಿಗೆ ಒಪ್ಪುವುದು ಇದೇ ಅಂತ ನನ್ನ ಅಭಿಪ್ರಾಯ. ರೀಫಿಲ್ ಗಾತ್ರಕ್ಕೆ ಮಡಿಸಬೇಕು, ತಡೆಯೂ ಕಡಿಮೆ ಇರಬೇಕು ಅನ್ನುವವರು ಪಾಲಿಮರಿನಲ್ಲಿ ಹುದುಗಿಸಿದ ಎಳೆಗೆ ಹೋಗಿ, ಕೈ ಪಳಗಲು ಸಮಯ ಇಟ್ಟುಕೊಳ್ಳಿ.

ಯಾವುದೇ ಆರಿಸಿದರೂ ಗಾಜಿನ ಐಟಿಓ ಮೇಲೆ ಅದೇ ದಿನ, ಅದೇ ದ್ರಾವಣದಲ್ಲಿ ಒಂದು ಸೆಲ್ ಮಾಡಿಟ್ಟುಕೊಳ್ಳಿ. ಬಾಗುವ ಸೆಲ್ ಕೈಕೊಟ್ಟಾಗ ತಪ್ಪು ಎಲೆಕ್ಟ್ರೋಡಿನದಾ, ಆರ್ಗ್ಯಾನಿಕ್ ಪದರದ್ದಾ ಅಂತ ಗೊತ್ತಾಗಲು ಬೇರೆ ದಾರಿ ಇಲ್ಲ. ಶೀಟ್ ರೆಸಿಸ್ಟೆನ್ಸ್ ಅಳೆಯಲು ಫೋರ್ ಪ್ರೋಬ್ (ನಾಲ್ಕು ಮೊನೆಯ ಅಳತೆ ಉಪಕರಣ) ಇಲ್ಲದಿದ್ದರೆ ಸರಿಯಾದ ಚೌಕ ಕತ್ತರಿಸಿ, ಎದುರು ಅಂಚುಗಳಿಗೆ ತುದಿಯಿಂದ ತುದಿಗೆ ಸಿಲ್ವರ್ ಪೇಂಟ್ ಎಳೆದು ಮಲ್ಟಿಮೀಟರ್ ಇಡಿ, ಬರುವ ಓಮೇ ಉತ್ತರ. ಪ್ರೋಬಿನ ಚೂಪು ತುದಿಯನ್ನು ಪದರದ ಮೇಲೆ ನೇರ ಒತ್ತಿದರೆ ಪೆಡಾಟ್ ಗೀಚಿಹೋಗುತ್ತದೆ. ಬಗ್ಗಿಸುವಾಗ ಎಲೆಕ್ಟ್ರೋಡು ಹೊರಮೈಗಿತ್ತಾ, ಒಳಮೈಗಿತ್ತಾ ಅನ್ನುವುದನ್ನೂ ಹಾಳೆಯ ದಪ್ಪವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.